ಮೂವತ್ತೇಳು ಮಣಿ

ಶಿಡ್ಲಘಟ್ಟದ ಇಂತಿಯಾಜ್ ಸಾಬರ ಫಿಲೇಚರಿನಲ್ಲಿ
ಹತ್ತೊಂಬತ್ತು ವರ್ಷದಿಂದ ಅಮ್ಮನದು ಒಂದೇ ಬೇಸನ್ನು,
ಕಿಟಕಿಯಿಂದ ಮೂರನೆಯದು.
ಬಿಸಿನೀರಿನಲ್ಲಿ ಗೂಡುಗಳು ಕುಣಿಯುತ್ತವೆ,
ಬೆಂದ ಹುಳುವಿನ ನಾತ ಅವಳ ಸೀರೆಯ ನೆರಿಗೆಗೂ ಗೊತ್ತು.
ಬೆರಳು ನೋಡಬೇಕು:
ತುದಿಗಳು ನೆನೆದು ಬಿಳಿಚಿ,
ಗೆಣ್ಣಿನ ಸಂದಿಯಲ್ಲಿ ಸಣ್ಣ ಸಣ್ಣ ಸೀಳು,
ಬಚ್ಚಲ ಗೂಡಿನಲ್ಲಿ ಒಣಗಿಹೋದ ಸೋಪಿನ ಮೈಯ ಹಾಗೆ.

ಅವಳು ಕೈ ಅದ್ದಿಕೊಳ್ಳುವ ತಣ್ಣೀರಿನ ಬಕೆಟ್ಟಿನಿಂದ
ಒಂದು ಹನಿ ಕದ್ದು ತಂದು
ತಟ್ಟೆಯಲ್ಲಿ ರಾತ್ರಿಯಿಡೀ ಬೆಚ್ಚಗಿಟ್ಟಿದ್ದೆ.
ಬೆಳಿಗ್ಗೆ ರಾಗಿ ಚೆಲ್ಲಿದ ಹಾಗೆ ಒಂದು ಊರೇ ಎದ್ದಿತ್ತು.
ಆ ಊರು ದಿನಾ ಅವಳ ಸೀಳುಗಳ ಬಾಗಿಲು ಬಡಿಯುತ್ತದೆ,
ಬೆರಳು ಮಾತ್ರ ಕೊಳೆತಿಲ್ಲ.

ಯಾಕೆ?
ಅದಕ್ಕೇ ನಾನು ದಿನಾ ಎಂಟೂಕಾಲರ ಬಸ್ಸು ಹಿಡಿದು
ಚಿಕ್ಕಬಳ್ಳಾಪುರದ ಲ್ಯಾಬಿಗೆ ಹೋಗುವುದು.

ಅಮ್ಮ ಎಳೆಯುವ ಎಳೆ ಉದ್ದದ್ದು.
ಗ್ಲೈಸಿನ್ ಅಲನಿನ್ ಗ್ಲೈಸಿನ್ ಅಲನಿನ್,
ನಡುನಡುವೆ ಸೆರಿನ್,
ಎರಡರ ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ನಿಲ್ಲುವುದೇ ಇಲ್ಲ.
ನಾನು ಓದುವ ಎಳೆ ಮೂವತ್ತೇಳು ಮಣಿಗೆ ಮುಗಿಯುತ್ತದೆ,
ಸೀಳಿನ ಅಂಚಿನಲ್ಲಿ ಅವಳ ಚರ್ಮ ತಾನೇ ನೂತದ್ದು.
ಮೊದಲೆರಡು ಲ್ಯೂಸಿನ್,
ಆಮೇಲೆ ಅಲ್ಲಲ್ಲಿ ಆರು ಲೈಸಿನ್, ಐದು ಅರ್ಜಿನಿನ್,
ಕಟ್ಟಕಡೆಗೆ ಒಂದು ಸೆರಿನ್,
ರೇಷ್ಮೆಯಲ್ಲಿರುವ ಅದೇ ಸೆರಿನ್.
ಕೂಡಿ ಕಳೆದರೆ ಉಳಿಯುವುದು ಆರು ಧನ.

ಬ್ಯಾಕ್ಟೀರಿಯದ ಮೈಮೇಲೆ ಋಣ.
ಋಣವಿದ್ದ ಮನೆಯ ವಿಳಾಸ ಧನಕ್ಕೆ ಯಾರೂ ಹೇಳಿಕೊಡಬೇಕಿಲ್ಲ.
ಹೋಗಿ ಅಂಟುತ್ತದೆ,
ಅಂಟಿದ ಮೇಲೆ ಸುರುಳಿ ಸುತ್ತುತ್ತದೆ,
ನೀರಿಗೆ ಒಲಿದ ಮಣಿಗಳು ಒಂದು ಮಗ್ಗುಲಿಗೆ,
ಎಣ್ಣೆಗೆ ಒಲಿದವು ಇನ್ನೊಂದು ಮಗ್ಗುಲಿಗೆ.
ಎಣ್ಣೆ ಮಗ್ಗುಲು ಗೋಡೆಯೊಳಗೆ ಇಳಿದರೆ
ಆ ಮನೆ ಸೋರತೊಡಗುತ್ತದೆ.

ಹದಿನೆಂಟನೆಯ ಲೈಸಿನ್ ಕಿತ್ತು ಅಲನಿನ್ ಕೂರಿಸಿದೆ.
ಎಳೆ ಮಂಕಾಯಿತು, ತಟ್ಟೆಯಲ್ಲಿ ಮತ್ತೆ ರಾಗಿ.
ಹಟ ಬಂತು.
ಇಪ್ಪತ್ತೆರಡನೆಯ ಗ್ಲುಟಮಿನ್ ಇದ್ದಲ್ಲಿ
ದಪ್ಪನೆಯ, ಎಣ್ಣೆಗಾತಿ ಟ್ರಿಪ್ಟೊಫ್ಯಾನ್ ಇಟ್ಟೆ.
ಮರುದಿನ ತಟ್ಟೆ ಕನ್ನಡಿಯಷ್ಟು ಸ್ವಚ್ಛ!
ಕುಣಿಯುವುದೊಂದು ಬಾಕಿ.
ಆಮೇಲೆ ಅದನ್ನೇ ಮನುಷ್ಯರ ರಕ್ತಕ್ಕೆ ಬಿಟ್ಟೆ.
ಕೆಂಪು ಕಣಗಳು ಒಂದೊಂದಾಗಿ ಒಡೆದು
ಕೊಳವೆಯ ತಿಳಿ ದಾಳಿಂಬೆ ರಸದ ಬಣ್ಣಕ್ಕೆ ತಿರುಗಿತು.
ಕಳ್ಳನನ್ನು ಹೊಡೆಯುವ ಕೋಲು
ಮನೆಯವರ ತಲೆಯನ್ನೂ ಒಡೆದಿತ್ತು.

ಸಂಜೆ ಫಿಲೇಚರಿನ ಮೆಟ್ಟಿಲ ಮೇಲೆ ಕೂತು ಅಮ್ಮನಿಗೆ ಹೇಳಿದೆ,
ಮಣಿಯ ಲೆಕ್ಕ ಬಿಟ್ಟು ಉಳಿದದ್ದನ್ನೆಲ್ಲ.
ಅವಳು ಗೂಡೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತ ಅಂದಳು:
"ನೀರು ಕಾಯ್ದೆ ಇದ್ರೆ ಎಳೆ ಸಿಕ್ಕಲ್ಲ.
ಜಾಸ್ತಿ ಕಾದ್ರೆ ಅಂಟೆಲ್ಲ ಓಗಿ ಎಳೆನೇ ಪಿಸ್ದೋಗ್ತದೆ.
ನಿನ್ ನೀರು ಜಾಸ್ತಿ ಕಾದೈತೆ ಕಣಮ್ಮಿ."

ಎರಡು ವರ್ಷದ ನನ್ನ ನೋಟ್‌ಬುಕ್ಕು
ಅಷ್ಟರಲ್ಲಿ ಮುಗಿದಿತ್ತು.

ಸುಳ್ಳು ಹೇಳಬಾರದು, ಅವಳ ಎಳೆಯೂ ಸೋಲುತ್ತದೆ.
ಹೋದ ಕಾರ್ತಿಕದಲ್ಲಿ ಉಗುರುಸುತ್ತು ಆಗಿ
ಒಂಬತ್ತು ದಿನ ಸಂಬಳವಿಲ್ಲ,
ನಿಂಬೆಹಣ್ಣಿಗೆ ಬೆರಳು ತುರುಕಿಕೊಂಡು ರಾತ್ರಿಯೆಲ್ಲ ಕೂತಿದ್ದಳು.
ಮಾತ್ರೆ ಬೇಕಾಯಿತು, ಬ್ಲೇಡೂ ಬೇಕಾಯಿತು.
ಆದರೆ ಅದರಾಚೆಯ ಅಷ್ಟು ಸಾವಿರ ದಿನಗಳಲ್ಲಿ
ಯಾವ ಮಾತ್ರೆಯೂ ಇರಲಿಲ್ಲ.

ನಾನು ಇದನ್ನೆಲ್ಲ ಯೋಚಿಸುತ್ತಿರುವಾಗ
ಅವಳು ಹೊಸ ಸೀಳೊಂದನ್ನು ಕಂಡು
ಬೆರಳನ್ನು ಬಾಯಿಗಿಟ್ಟು ಚೀಪಿದಳು.
"ಥೂ, ಬೇಡಮ್ಮ" ಅನ್ನಲು ಹೋಗಿ ಸುಮ್ಮನಾದೆ.
ಎಂಜಲಲ್ಲೂ ಒಂದು ಎಳೆಯಿದೆ,
ಇಪ್ಪತ್ನಾಲ್ಕು ಮಣಿ,
ಅದರಲ್ಲಿ ಏಳು ಹಿಸ್ಟಿಡಿನ್.

"ನನ್ ಕೈಯಾಗೆ ಎಷ್ಟು ಮಣಿ ಅಂದಿದ್ದೆ ಆವತ್ತು?"
"ಮೂವತ್ತೇಳು."
"ಒಂದ್ಕಿತ ಸರ್‍ಯಾಗಿ ಎಣಿಸ್ಕೊಂಡು ಬಾ" ಅಂದು
ಎದ್ದು ಒಳಗೆ ಹೋದಳು.
ಬೇಸನ್ನಿನಲ್ಲಿ ಇನ್ನೂ ಅರ್ಧ ಕೇಜಿ ಗೂಡಿತ್ತು.